ರಾಜೇಸಾಬನ ಅರ್ಜಿ

ಬರೆಯಲು ಬರುವವನಿಗೆ ಸಣ್ಣ ಮಾತನ್ನು ಸಣ್ಣದಾಗಿಯೇ ಬಿಡಲು ಬರುವುದಿಲ್ಲ. ಈ ರೋಗ ನನಗಿದೆಯೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ‘ಮಳೆ ಬಂತು’ ಎನ್ನಬೇಕಾದಲ್ಲಿ ನಾನು ಮೋಡಗಳ ವಂಶಾವಳಿಯಿಂದ ಶುರುಮಾಡುತ್ತೇನೆ. ಮದುವೆಯಾದ ವಾರದಲ್ಲೇ ಹೆಂಡತಿ ಇದನ್ನು ಕಂಡುಹಿಡಿದಳು. ಊರಿಗೆ ಗೊತ್ತಾಗಲು ಸ್ವಲ್ಪ ಕಾಲ ಹಿಡಿಯಿತು.

ಆಗ ಬಾಗಲಕೋಟೆಗೆ ರೈಲು ಬಂದು ಬಹಳ ವರ್ಷಗಳಾಗಿರಲಿಲ್ಲ. ಇಳಕಲ್ಲಿನ ನೇಕಾರರ ಓಣಿಯಲ್ಲಿ ನಮ್ಮ ಮನೆಯ ಜಗಲಿಯನ್ನೇ ನಾನು ವಾಚನಾಲಯ ಮಾಡಿದ್ದೆ. ಹೆಸರು ದೊಡ್ಡದು, ಇದ್ದದ್ದು ಒಂದು ಹಳೆಯ ವರ್ತಮಾನಪತ್ರ, ಎರಡು ಪಾಟಿ, ಒಂದು ಚಾಪೆ. ಸಂಜೆ ಮಗ್ಗದಿಂದ ಎದ್ದು ಬಂದವರಿಗೆ ಅಕ್ಷರ ಕಲಿಸುತ್ತಿದ್ದೆ. ಹುನಗುಂದ, ಕಮತಗಿ, ಬಾಗಲಕೋಟೆಯ ಕಡೆಯಿಂದ ಬರುವ ಗಾಡಿಯವರು ಎಲ್ಲೆಲ್ಲಿ ಆಳು ಬೇಕು, ಕಾರಕೂನ ಬೇಕು ಎಂದು ಸುದ್ದಿ ತರುತ್ತಿದ್ದರು. ಅದನ್ನು ಗೋಡೆಯ ಮೇಲೆ ಇದ್ದಿಲಿನಿಂದ ಬರೆಯುತ್ತಿದ್ದೆ. ಅರ್ಜಿಯನ್ನೂ ನಾನೇ ಬರೆದುಕೊಡುತ್ತಿದ್ದೆ. ಸಂಡಿಗೆ ಒಣಹಾಕಲು ಜಾಗ ಕಳೆದುಕೊಂಡ ಹೆಂಡತಿ, “ಊರ ಮಂದಿಗೆಲ್ಲಾ ನೌಕರಿ ಹುಡುಕತೀರಿ. ನಿಮಗೂ ಒಂದ ಬರಕೊಳ್ರಿ ಆ ಗ್ವಾಡಿ ಮ್ಯಾಲ” ಎನ್ನುತ್ತಿದ್ದಳು.

ರಾಜೇಸಾಬ ನಮ್ಮ ಓಣಿಯ ಬಣ್ಣಗಾರ. ಸೀರೆಯ ನೂಲಿಗೆ ಬಣ್ಣ ಹಾಕುವುದು ಅವನ ಮನೆತನದ ಕೆಲಸ. ಡಬ್ಬಿಯಲ್ಲಿ ವಿಲಾಯತಿ ಬಣ್ಣ ಬಂದ ಮೇಲೆ ನೇಕಾರರು ತಾವೇ ಅದ್ದಿಕೊಳ್ಳತೊಡಗಿದರು. ಅವನ ಹಂಡೆಗಳು ಬೋರಲು ಬಿದ್ದವು. ನಲವತ್ತು ದಾಟಿದವನು ಒಂದು ಸಂಜೆ ಚಾಪೆಯ ತುದಿಗೆ ಕುಳಿತು, “ಮಾಸ್ತರ, ನಾಕ ಅಕ್ಷರ ಕಲಸ್ರಿ. ಕೈ ಖಾಲಿ ಕುಂತ್ರ ಹುಚ್ಚ ಹಿಡಿತೈತಿ ನನಗ” ಎಂದ. ಉಗುರುಗಳಲ್ಲಿ ಇನ್ನೂ ಕೆಂಪಿತ್ತು. ಆ ಬೆರಳುಗಳು ಬಳಪಕ್ಕೆ ಹೊಂದಿಕೊಳ್ಳಲು ಒಂದು ಮಳೆಗಾಲ ಬೇಕಾಯಿತು.

ಅಷ್ಟರಲ್ಲಿ ಬಾಗಲಕೋಟೆಯ ಸ್ಟೇಷನ್ನಿನಲ್ಲಿ ಬಾವುಟ ತೋರಿಸಲು ಓದುಬರಹ ಬಲ್ಲ ಆಳು ಬೇಕೆಂಬ ಸುದ್ದಿ ಬಂತು. ಮೂರು ದಿನ ಕುಳಿತು ಅರ್ಜಿ ಬರೆದೆ. ಅಧಿಕಾರಿಗಳ ಚರಣಕಮಲಗಳಿಂದ ಹೊರಟದ್ದು ರಾಜೇಸಾಬನ ಹೆಸರು ತಲುಪುವಾಗ ಮೂರನೆಯ ಪುಟ. ಗಾಡಿ ಕಟ್ಟಿಸಿಕೊಂಡು ನಾನೂ ಜೊತೆಗೆ ಹೋದೆ.

ಅಲ್ಲಿನ ಸಾಹೇಬರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಓದು ನೋಡೋಣು” ಎಂದು ಅವನಿಗೇ ಕೊಟ್ಟರು.

ರಾಜೇಸಾಬ ಬೆವರಿದ. “ಅಕ್ಷರ ಬರ್ತಾವ್ರಿ. ಆದ್ರ ಇದು ಬರೂದಿಲ್ರಿ.”

“ನನಗೂ ಬರಲಿಲ್ಲ. ನೀನ ಬರಿ.”

ಅವನು ಬರೆದ: ‘ನಾ ರಾಜೇಸಾಬ. ಬಣ್ಣ ಹಾಕತಿದ್ದೆ. ಈಗ ಕೆಲಸ ಇಲ್ಲ. ಕೊಟ್ಟರ ಮಾಡತೇನಿ.’

ಸಾಹೇಬರು ಒಂದು ಬಾವುಟ ಎತ್ತಿ, “ಇದ್ಯಾವ ಬಣ್ಣ?” ಎಂದರು.

“ಕೆಂಪ ಅಂತ ಕೊಟ್ಟಾರ್ರಿ. ಆದ್ರ ಇದು ಕೆಂಪಲ್ರಿ. ಇನ್ನೆರಡ ಸಲ ಅದ್ದಬೇಕಿತ್ತು.”

ನಾನು ಕಣ್ಣು ಮುಚ್ಚಿದೆ. ಸಾಹೇಬರು ಮೇಜು ಬಡಿದು ನಕ್ಕು, “ನಾಳಿಂದ ಬಾ” ಎಂದರು. ಹೊರಗೆ ಬಂದ ರಾಜೇಸಾಬ ಗೋಡೆಗೆ ಒರಗಿ ಅತ್ತುಬಿಟ್ಟ. “ಬಣ್ಣ ಬಿಟ್ಟೆ ಅನಕೊಂಡಿದ್ನಿರಿ ಮಾಸ್ತರ. ಅದು ನನ್ನ ಬಿಡಲಿಲ್ಲ.”

ಅಂದಿನಿಂದ ಜಗಲಿಗೆ ಬಂದವರೆಲ್ಲ, “ರಾಜೇಸಾಬ ಬರದಂಗ ನಾಕ ಸಾಲು ಬರೀರಿ ಸಾಕು” ಎನ್ನತೊಡಗಿದರು. ನನ್ನ ಚರಣಕಮಲಗಳು ಬಾಡಿದವು.

ಮುಂದೆ ಬಾದಾಮಿಯ ಸಾಲೆಯೊಂದಕ್ಕೆ ಮಾಸ್ತರು ಬೇಕೆಂಬ ಸುದ್ದಿ ಬಂತು. ಬಾಗಿಲ ಹಿಂದೆ ನಿಂತೇ ಅಕ್ಷರ ಕಲಿತಿದ್ದ ಹೆಂಡತಿ ಅದನ್ನು ತಾನೇ ಗೋಡೆಗೆ ಬರೆದು, ಕೆಳಗೆ ನನ್ನ ಹೆಸರನ್ನೂ ಬರೆದಳು. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ನಿಜ. ಬರೆಯಬಾರದೆಂದು ಯಾವ ಶಾಸ್ತ್ರವೂ ಹೇಳಿರಲಿಲ್ಲ.

ಬಾಗಲಕೋಟೆಯಲ್ಲಿ ರೈಲು ಹತ್ತಲು ಹೋದೆ. ಅಂದೇ ಬಾದಾಮಿ ಮುಟ್ಟಿ ಸಾಲೆಯವರನ್ನು ಕಾಣದಿದ್ದರೆ ಕೆಲಸ ಬೇರೆಯವರ ಪಾಲಾಗುತ್ತಿತ್ತು. ನೀಲಿ ಅಂಗಿ ತೊಟ್ಟ ರಾಜೇಸಾಬ ಓಡಿಬಂದ. “ಮಾಸ್ತರ, ಲಗೂನ ಹತ್ರಿ. ಗಾಡಿ ಭಾಳ ಹೊತ್ತ ನಿಲ್ಲೂದಿಲ್ಲ.” ಅವನನ್ನು ಆ ಅಂಗಿಯಲ್ಲಿ ಕಂಡು ನನ್ನ ಎದೆ ತುಂಬಿತು. ಅವನ ಎಡಗೈ ಹಿಡಿದು ಶುರುಮಾಡಿದೆ: “ರಾಜೇಸಾಬ, ನಮ್ಮ ಬಡ ಜಗಲಿಯ ಚಾಪೆಯ ತುದಿಯಲ್ಲಿ ಬಳಪ ಹಿಡಿದು ಕುಳಿತಿದ್ದ ನಿನ್ನನ್ನು ಇಂದು ಈ ವೇಷದಲ್ಲಿ ಕಂಡ ನನ್ನ ಹೃದಯವು...” ಅವನು ಚಡಪಡಿಸಿದ. ಆದರೆ ಕೆಲಸ ಕೆಲಸವೇ. ಬಲಗೈಯಿಂದ ಹಸಿರು ಬಾವುಟ ಎತ್ತಿದ. ಹೃದಯವು ಏನಾಯಿತೆಂದು ಹೇಳುವ ಕ್ರಿಯಾಪದ ನನಗೆ ಸಿಕ್ಕಾಗ ರೈಲಿನ ಕೊನೆಯ ಡಬ್ಬಿ ನಮ್ಮನ್ನು ದಾಟಿತ್ತು. ಅದರ ಸಂಗಡ ಬಾದಾಮಿಯ ಮಾಸ್ತರಿಕೆಯೂ ಹೋಯಿತು.

ರಾಜೇಸಾಬ ಬಾವುಟ ಸುತ್ತಿ ಕಂಕುಳಲ್ಲಿಟ್ಟುಕೊಂಡು ಮೆಲ್ಲಗೆ ಕೇಳಿದ: “ಮಾತ ಮುಗೀತೇನ್ರಿ, ಮಾಸ್ತರ?”

ಖರೆ ಹೇಳಬೇಕೆಂದರೆ, ಇನ್ನೂ ಮುಗಿದಿರಲಿಲ್ಲ.