ನನ್ನ ನಂಬರಿಗೆ ಲೋಕ ಇಟ್ಟ ಹೆಸರು

ಫೋನಿನ ವಿಷಯದಲ್ಲಿ ನಾನು ಸ್ವಲ್ಪ ಅತಿ ಎಂದು ನಮ್ಮ ಮನೆಯವರ ಅಭಿಪ್ರಾಯ. ಇರಲಿ, ಅಭಿಪ್ರಾಯಕ್ಕೆ ಈ ಕಾಲದಲ್ಲಿ ಬರವಿಲ್ಲ. ನಮ್ಮ ಚಿತ್ರದುರ್ಗದಲ್ಲಿ ಬಸ್ಸಿಗೆ ಕಾಯುತ್ತ ಕುಳಿತವರನ್ನು ಸುಮ್ಮನೆ ಮಾತಿಗೆಳೆದು ನೋಡಿ. ಫೋನು ನಮ್ಮ ಮಾತನ್ನೆಲ್ಲ ಕದ್ದು ಕೇಳುತ್ತದೆ, ಮಿಕ್ಸಿ ಕೆಟ್ಟಿದೆ ಎಂದು ಮನೆಯಲ್ಲಿ ಅಂದರೆ ಸಂಜೆಯೊಳಗೆ ಮಿಕ್ಸಿಯ ಜಾಹೀರಾತು ಬಂದಿರುತ್ತದೆ ಎಂದು ಒಬ್ಬರು ಹೇಳುತ್ತಾರೆ. "ಕೇಳಿದ್ರೆ ಕೇಳ್ಲಿ ಬಿಡ್ರಿ, ನಮ್ಮ ಮಾತು ಮನೇಲಂತೂ ಯಾರೂ ಕೇಳಲ್ಲ" ಎಂದು ಇನ್ನೊಬ್ಬರು. ನಾನು ಮೊದಲನೆಯವರ ಪಕ್ಷ. ನನ್ನ ಫೋನಿನ ಮುಂದಿನ ಕ್ಯಾಮೆರಾದ ಮೇಲೆ ಹೆಂಡತಿಯ ಒಂದು ಸ್ಟಿಕ್ಕರ್ ಬೊಟ್ಟು ಅಂಟಿಸಿದ್ದೇನೆ. ಅದನ್ನು ನೋಡಿದ ದಿನ ಗಿರಿಜಾ, "ಅಂತೂ ನಿಮ್ಮ ಫೋನಿಗೆ ಮುತ್ತೈದೆತನ ಬಂತು" ಎಂದಳು. ಸೂಪರ್ ಮಾರ್ಕೆಟ್ಟಿನಲ್ಲಿ ಬಿಲ್ ಹಾಕುವ ಹುಡುಗಿ ನಂಬರ್ ಕೇಳಿದರೆ ಫೋನೇ ಇಲ್ಲ ಎನ್ನುತ್ತೇನೆ. ಒಮ್ಮೆ ಹಾಗೆ ಹೇಳುತ್ತಿರುವಾಗಲೇ ಜೇಬಿನಲ್ಲಿ ರಿಂಗಾಯಿತು. "ಅದೇನ್ ಸಾರ್ ಮತ್ತೆ?" ಎಂದಳು. "ಅದು ನಮ್ಮನೆಯವರ್ದು" ಎಂದೆ. ಹಿಂದೆ ನಿಂತಿದ್ದ ಮನೆಯವರು ತಮ್ಮ ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತಿದ್ದರು.

ನನ್ನದು ಪಾತ್ರೆ ಅಂಗಡಿ. ಮುಚ್ಚಳವಿಲ್ಲದ ಪಾತ್ರೆಯನ್ನು ಯಾರೂ ಕೊಳ್ಳುವುದಿಲ್ಲ ಎಂಬುದು ನನಗೆ ಅನುಭವದಿಂದ ಗೊತ್ತು. ಮನುಷ್ಯನ ಸಂಗತಿಗಳಿಗೂ ಒಂದು ಮುಚ್ಚಳ ಇರಬೇಕೆಂದು ಮನೆಮಂದಿಗೆಲ್ಲ ಉಪದೇಶ ಮಾಡುತ್ತ ಬಂದಿದ್ದೇನೆ. ನಂಬರನ್ನು ಕಂಡಕಂಡವರಿಗೆ ಕೊಡಬಾರದು. ಹೆಸರು ಕೇಳಿದ ಆಪಿಗೆಲ್ಲ ಹೆಸರು ಹೇಳಬಾರದು. ಇನ್ನೊಬ್ಬರ ಫೋನಿನಲ್ಲಿ ಇಣುಕಲೇಬಾರದು, ಅದು ಹೆಂಡತಿಯದಾದರೂ ಸರಿ. ಗಿರಿಜಾ ಈ ಉಪದೇಶವನ್ನು ರೊಟ್ಟಿ ತಟ್ಟುವ ಸದ್ದಿನಲ್ಲಿ ಕೇಳಿಸಿಕೊಳ್ಳುತ್ತಾಳೆ. ಶ್ರದ್ಧೆಯಿಂದ ಕೇಳಿದವಳೆಂದರೆ ಮಗಳು ಸುಮಾ ಒಬ್ಬಳೇ. ಅದೇ ಆಮೇಲೆ ತಲೆನೋವಾಯಿತು.

ಸುಮಾ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಾಳೆ. ಅವಳನ್ನು ನೋಡಲು ಹೊಸದುರ್ಗದಿಂದ ಒಂದು ಗಂಡಿನ ಕಡೆಯವರು ಬಂದಿದ್ದರು. ಹುಡುಗ ದನದ ಡಾಕ್ಟರು, ತಂದೆ ಶಿವಲಿಂಗಪ್ಪನವರು ಕೊಬ್ಬರಿ ವ್ಯಾಪಾರಸ್ಥರು. ಈ ಮೊದಲು ಬಂದ ಗಂಡುಗಳ ಬಗ್ಗೆ ಕೇಳಿದಾಗಲೆಲ್ಲ "ಬ್ಯಾಡ ಅಪ್ಪಾಜಿ" ಎಂದಿದ್ದ ಸುಮಾ, ಈ ಹುಡುಗ ಬಂದು ಹೋದ ಮೇಲೆ "ನೋಡಾಣ" ಎಂದಳು. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಒಪ್ಪಿಗೆ ಇಲ್ಲ. ಆದರೆ ಹುಡುಗ ನಂಬರ್ ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರ "ನಮ್ಮಪ್ಪಾಜಿನ ಕೇಳ್ರಿ" ಎಂದು. ಆಗ ನನಗೆ ಎದೆಯುಬ್ಬಿತ್ತು. ಹೊರಡುವಾಗ ಶಿವಲಿಂಗಪ್ಪನವರು ನನ್ನ ನಂಬರನ್ನೂ ಕೇಳಿದರು. ಅಭ್ಯಾಸಬಲ ನೋಡಿ, "ನಿಮ್ದು ಕೊಡ್ರಿ, ನಾನೇ ಮಾಡ್ತೀನಿ" ಎಂದೆ. "ಮಾಡ್ರಿ ಹಂಗಾರೆ, ಮುಂದಿಂದು ಮಾತಾಡಾಣ" ಎಂದು ಅವರು ಕಾರು ಹತ್ತಿದರು.

ಮಾಡಿದೆ. ಎತ್ತಲಿಲ್ಲ. ಊಟದ ಹೊತ್ತಿರಬಹುದೆಂದು ಸಂಜೆ ಮಾಡಿದೆ, ಎತ್ತಲಿಲ್ಲ. ಮರುದಿನ ಬೆಳಿಗ್ಗೆ ಪೂಜೆಯ ಹೊತ್ತು, ಮಧ್ಯಾಹ್ನ ನಿದ್ದೆಯ ಹೊತ್ತು. ಹೀಗೆ ವಾರ ಕಳೆಯುವಷ್ಟರಲ್ಲಿ ಶಿವಲಿಂಗಪ್ಪನವರ ಎಲ್ಲ ಹೊತ್ತುಗಳೂ ನನ್ನ ಲೆಕ್ಕದಲ್ಲಿ ಮುಗಿದುಹೋದವು. ಈ ಸಂಬಂಧ ತಂದಿದ್ದ ಹೊಳಲ್ಕೆರೆಯ ನಮ್ಮ ನೆಂಟರನ್ನು ವಿಚಾರಿಸೋಣವೆಂದರೆ ಅವರು ಕಾಶಿಯಾತ್ರೆಗೆ ಹೋಗಿ ವ್ಯಾಪ್ತಿ ಪ್ರದೇಶದ ಹೊರಗಿದ್ದರು. "ಅವ್ರಿಗೆ ಇಷ್ಟ ಆಗಿಲ್ಲ, ಬಾಯಿ ಬಿಟ್ಟು ಹೇಳಕ್ಕೆ ಸಂಕೋಚ ಅಷ್ಟೆ" ಎಂದಳು ಗಿರಿಜಾ. "ಬಂದೋರ ಹತ್ರ ಕುಕ್ಕರ್ ಗ್ಯಾಸ್ಕೆಟ್ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿ ಅಂತ ಯಾರ್ ಹೇಳಿದ್ರು ನಿಮಗೆ?" ಸುಮಾ ಮಾತ್ರ ನನ್ನ ಫೋನು ಇದ್ದ ಕಡೆಗೆ ಚಾರ್ಜರ್ ಹುಡುಕುವ ನೆಪದಲ್ಲಿ ಬರತೊಡಗಿದಳು. ಅವಳ ಚಾರ್ಜರ್ ಅವಳ ಕೋಣೆಯಲ್ಲೇ ಇರುತ್ತದೆ. ಮೊದಲ ಸಲ ಒಂದು ಸಂಬಂಧವನ್ನು ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ, ಅದೂ ಕೈಬಿಟ್ಟು ಹೋಯಿತಲ್ಲ ಎಂದುಕೊಂಡೆ.

ಇಂಥ ಬೇಜಾರಿನಲ್ಲಿ ನಾನು ಹೋಗಿ ಕೂರುವುದು ಪಕ್ಕದ ಗೌಸ್ ಸಾಹೇಬರ ಅಂಗಡಿಯಲ್ಲಿ. ಅವರು ಮೊಬೈಲ್ ರಿಪೇರಿ ಮಾಡುತ್ತಾರೆ. ಅವತ್ತು ಅವರ ಸ್ವಂತ ಫೋನೇ ಸತ್ತು, ಹೊಸದು ಬಂದು, ನಂಬರುಗಳೆಲ್ಲ ಅಳಿಸಿಹೋಗಿದ್ದವು. "ರುದ್ರಣ್ಣ, ಒಂದ್ ಮಿಸ್ ಕಾಲ್ ಕೊಡ್ರಿ, ಸೇವ್ ಮಾಡ್ಕಂತೀನಿ" ಎಂದರು. ಕೊಟ್ಟೆ. ಅವರ ಹೊಸ ಫೋನಿನ ಮೇಲೆ ಏನೋ ಅಕ್ಷರ ಮೂಡಿತು. ಸಾಹೇಬರು ಅದನ್ನು ಓದಿ, ನನ್ನ ಮುಖ ನೋಡಿ, ಹೆಬ್ಬೆರಳಿನಿಂದ ಮುಚ್ಚಿದರು. ಇನ್ನೊಬ್ಬರ ಫೋನಿನಲ್ಲಿ ಇಣುಕಬಾರದೆಂಬ ನಿಯಮವನ್ನು ಅಲ್ಲಿಯೇ ಪಕ್ಕಕ್ಕಿಟ್ಟು ನಾನು ಅವರ ಹೆಬ್ಬೆರಳು ಎತ್ತಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ಸ್ಪಷ್ಟವಾಗಿ "ಎತ್ತಬ್ಯಾಡ" ಎಂದಿತ್ತು.

"ಇದ್ಯಾರು ಇಟ್ಟಿದ್ದು?" ಎಂದೆ.

"ನಾನಲ್ಲ ಅಣ್ಣ, ಕಸಮ್‌ ಸೆ, ಆಣೆಗೂ! ಯಾರ ಕಾಲು ಅಂತ ಹೇಳೋ ಆಪ್ ಐತಲ್ಲ, ಅದು ತೋರಿಸ್ತೈತೆ. ನೀವು ಅದಕ್ಕೆ ಹೆಸರು ಹೇಳಿದೀರಾ?"

"ನಾನ್ಯಾಕೆ ಹೇಳ್ಲಿ?"

"ಹೂಂ. ನೀವು ಹೇಳ್ಲಿಲ್ಲ, ಬೇರೆಯೋರು ಹೇಳಿದಾರೆ. ಆ ಆಪ್ ಹಾಕ್ಕಂಡಿರೋ ಯಾರದೋ ಫೋನ್‌ನಾಗೆ ನೀವು ಹಿಂಗೆ ಸೇವ್ ಆಗಿದೀರಿ. ಅಲ್ಲಿಂದ ಎತ್ಕಂಡೈತೆ. ಈಗ ಊರಿಗೆಲ್ಲ ನೀವು ಇದೇ."

ನನ್ನ ಮೊದಲ ಭಾವನೆ ಅವಮಾನವೆಂದು ನೀವು ತಿಳಿದರೆ ಅದು ತಪ್ಪು. ಮೊದಲು ಬಂದದ್ದು ಕುತೂಹಲ. ಹೆಸರನ್ನು ಇಷ್ಟು ಜೋಪಾನವಾಗಿ ಬಚ್ಚಿಟ್ಟುಕೊಂಡ ನನಗೆ ಲೋಕವೇ ಒಂದು ಹೆಸರಿಟ್ಟು ತೊಟ್ಟಿಲು ತೂಗಿತಲ್ಲ, ಆ ನಾಮಕರಣ ಮಾಡಿದ ಪುಣ್ಯಾತ್ಮ ಯಾರು? ಶಿವಲಿಂಗಪ್ಪನವರು ಯಾಕೆ ಎತ್ತಲಿಲ್ಲ ಎಂಬುದು ಆಮೇಲೆ, ಅಂಗಡಿಯ ಮೆಟ್ಟಿಲಿಳಿಯುವಾಗ ಹೊಳೆಯಿತು. ಎತ್ತಬ್ಯಾಡ ಎಂದು ಫೋನೇ ಬಾಯಿಬಿಟ್ಟು ಹೇಳುತ್ತಿರುವಾಗ ಯಾವ ಮರ್ಯಾದಸ್ಥ ಎತ್ತುತ್ತಾನೆ?

ಮನೆಗೆ ಓಡಿ ಇದನ್ನು ಹೇಳಬೇಕಿತ್ತು. ಆದರೆ ಅಷ್ಟರಲ್ಲಿ ತಾಳ್ಯದಿಂದ ನನ್ನ ಭಾವಮೈದ ಹಾಲಪ್ಪ ಯಾವುದೋ ಮದುವೆಗೆ ಹಂಡೆ ಕೊಳ್ಳಲು ಅಂಗಡಿಗೆ ಬಂದ. ಅನುಮಾನ ಬಂದ ಮೇಲೆ ಬಿಡುವುದು ಹೇಗೆ? ಅವನ ಪಕ್ಕದಲ್ಲೇ ನಿಂತು, ಕೈ ಬೆನ್ನ ಹಿಂದೆ ಇಟ್ಟುಕೊಂಡು ಅವನಿಗೇ ಫೋನ್ ಮಾಡಿದೆ. ಹಂಡೆಯ ಮೇಲಿಟ್ಟಿದ್ದ ಫೋನು ಹಂಡೆಯನ್ನೂ ಸೇರಿಸಿಕೊಂಡು ಗುಂಯ್ಗುಟ್ಟಿತು. ಅದರಲ್ಲಿ "ಭಾವ ಫುಲ್ ಚಾರ್ಜ್" ಎಂದಿತ್ತು. "ಏನೋ ಇದು?" ಎಂದರೆ, "ನೀವು ಮಾಡಿದ್ರೆ ಚಾರ್ಜ್ ನೋಡ್ಕಂಡು ಎತ್ತಬೇಕಲ್ಲ ಭಾವ, ಮಧ್ಯದಾಗೆ ಆಫ್ ಆದ್ರೆ ಬೇಜಾರ್ ಮಾಡ್ಕಂತೀರಿ ಅಂತ" ಎಂದ. ಎಷ್ಟು ಕಾಳಜಿ ನೋಡಿ! ಅವನು ಅಪರಾಧಿಯಲ್ಲ ಎಂದು ಬಿಟ್ಟುಬಿಟ್ಟೆ, ಹಂಡೆಯ ಬೆಲೆಯಲ್ಲಿ ಮಾತ್ರ ಏನೂ ಬಿಡಲಿಲ್ಲ.

ಮನೆಗೆ ಬಂದೆ. ಗಿರಿಜಾ ಒಲೆಯ ಮುಂದಿದ್ದಳು, ಅವಳ ಫೋನು ಉಪ್ಪಿನ ಡಬ್ಬಿಗೆ ಒರಗಿ ಯಾವುದೋ ಸೊಪ್ಪಿನ ಮಹಿಮೆಯನ್ನು ವಿವರಿಸುತ್ತಿತ್ತು. ಬಾಗಿಲಲ್ಲೇ ನಿಂತು ಫೋನ್ ಮಾಡಿದೆ. ಸೊಪ್ಪು ಮಾಯವಾಗಿ ಅಲ್ಲಿ ಬಂದ ಹೆಸರನ್ನು ನೀವು ಊಹಿಸಿರುತ್ತೀರಿ.

"ಗಿರಿಜಾ, ನಾನು ನಿನಗೆ ಎತ್ತಬ್ಯಾಡವೇ?"

ಅವಳು ಒಂದಿಷ್ಟೂ ಗಾಬರಿಯಾಗಲಿಲ್ಲ. "ನೀವೇ ಮಾಡಿದ್ದಲ್ಲೇನ್ರಿ? ಹೊಸ ನಂಬರ್ ತಗಂಡ ದಿನ ನನ್ನ ಪರೀಕ್ಷೆ ಮಾಡಾಕೆ ದನಿ ಬದಲಾಯಿಸಿ, ಬ್ಯಾಂಕಿಂದ ಮಾಡ್ತಿದೀನಿ, ಓಟಿಪಿ ಹೇಳಮ್ಮ ಅಂದ್ರಿ. ಅಂಥೋರ ನಂಬರ್ ಬಂದ್ರೆ ಎತ್ತಬ್ಯಾಡ ಅಂತ ಬರ್ಕೋ ಅಂತ ಅದಕ್ಕೆ ಮೊದ್ಲೇ ಹೇಳಿದ್ರಿ. ಬರ್ಕಂಡೆ."

"ನಾನು ಅಂತ ಗೊತ್ತಾದ ಮೇಲಾದರೂ ತೆಗೀಬಾರದಾ?"

"ಗೊತ್ತಾದ ಮೇಲೆ ತೆಗೀಬೇಕು ಅಂತ ಯಾಕನಿಸಬೇಕು?" ಎಂದು ಒಗ್ಗರಣೆ ಹಾಕಿದಳು.

ಅಂದರೆ ನನ್ನದೇ ಉಪದೇಶ, ನನ್ನದೇ ದನಿ, ನನ್ನದೇ ನಂಬರು. ಅವಳು ಓದದೆ ಒಪ್ಪಿದ ಆ ಆಪಿನ ಯಾವುದೋ ಷರತ್ತಿನ ಬಾಗಿಲಿನಿಂದ ಆ ಹೆಸರು ಹೊರಬಿದ್ದು ಹೊಸದುರ್ಗ ಮುಟ್ಟಿತ್ತು. ಸುಮಾ ಅಡುಗೆಮನೆಗೆ ಬಂದು ಏನಾಯಿತೆಂದು ಕೇಳಿದಳು. ಹೇಳಿದೆ. ಅವಳು ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ. "ಹಂಗಾರೆ ಅವರು ಬ್ಯಾಡ ಅಂದಿಲ್ವಾ ಅಪ್ಪಾಜಿ?" ಎಂದಳು. ಆ ಒಂದು ಮಾತಿಗೆ ನನ್ನ ತಮಾಷೆಯೆಲ್ಲ ಇಳಿದುಹೋಯಿತು. ಗಿರಿಜಾಳ ಫೋನನ್ನೇ ತೆಗೆದುಕೊಂಡು ಹೊಸದುರ್ಗಕ್ಕೆ ಮಾಡಿದೆ. ಒಂದೇ ರಿಂಗಿಗೆ ಎತ್ತಿದರು.

"ಎಲ್ಲಿ ಹೋಗಿದ್ರಿ ಸ್ವಾಮಿ?" ಶಿವಲಿಂಗಪ್ಪನವರ ದನಿಯಲ್ಲಿ ನೋವಿತ್ತು. "ಮಾಡ್ತೀನಿ ಅಂದೋರು ಮಾಡ್ಲೇ ಇಲ್ಲ. ನಂಬರ್ ಕೂಡ ಕೊಡ್ಲಿಲ್ಲ. ನಮ್ಮ ಹುಡುಗ ನಿಮಗೆ ಹಿಡಿಸಲಿಲ್ಲ ಅಂದ್ಕಂಡು ಸುಮ್ನಾದ್ವಿ. ಅವ್ನು ಊಟ ಸರಿಯಾಗಿ ಮಾಡ್ತಿಲ್ಲ ನೋಡ್ರಿ. ಇದ್ರ ಜೊತೆಗೆ ಯಾವನೋ ಒಬ್ಬ ದಿನಾ ಹೊತ್ತಲ್ಲದ ಹೊತ್ತಿಗೆ ಫೋನ್ ಮಾಡಿ ಪ್ರಾಣ ತಿಂತಾನೆ, ನಿನ್ನೆ ಬ್ಲಾಕ್ ಮಾಡ್ದೆ."

"ಬ್ಲಾಕ್ ತೆಗೀರಿ ಬೀಗರೇ, ಅವನು ನಾನೇ" ಎಂದೆ. ಅತ್ತ ಕಡೆಯಿಂದ ಇಡೀ ಕೊಬ್ಬರಿ ಅಂಗಡಿಗೇ ಕೇಳುವಂಥ ನಗು. ಬಾಗಿಲ ಮರೆಯಲ್ಲಿ ಸುಮಾ ಕಣ್ಣೊರೆಸಿಕೊಂಡಳು, ಒಗ್ಗರಣೆಯ ಘಾಟು ಎಂದಳು. ನನಗೂ ಘಾಟು ತಗುಲಿತು.

ಮದುವೆ ಆಯಿತು. ಗೌಸ್ ಸಾಹೇಬರು ಆ ಆಪಿನಲ್ಲಿ ನನ್ನ ಹೆಸರನ್ನು ಸರಿಮಾಡಿಸಿಕೊಟ್ಟರು. ಅದಕ್ಕಾಗಿ ನಾನು ಅದರ ಕೈಗೆ ಹೆಸರು, ಊರು, ಕಸುಬು ಎಲ್ಲ ಒಪ್ಪಿಸಬೇಕಾಯಿತು. ನಾನು ಯಾರಲ್ಲ ಎಂದು ಹೇಳಲು ನಾನು ಯಾರೆಂದು ಹೇಳಲೇಬೇಕಂತೆ. ಫೋನ್ ಎತ್ತುವವರೇನೂ ಹೆಚ್ಚಾಗಿಲ್ಲ. ಯಾಕೆಂದು ಸಾಹೇಬರನ್ನು ಕೇಳಿದೆ. "ಮೊದ್ಲು ಇದ್ಯಾರಪ್ಪ ಎತ್ತಬ್ಯಾಡ ಅಂತ ಕುತೂಹಲಕ್ಕಾದ್ರೂ ಒಂದಿಬ್ರು ಎತ್ತೋರು, ಈಗ ನೀವೇ ಅಂತ ಗೊತ್ತಾಗ್ತೈತಲ್ಲ" ಎಂದರು.

ಸುಮಾ ಮಾತ್ರ ತಪ್ಪದೆ ಎತ್ತುತ್ತಾಳೆ. ಅಷ್ಟು ಸಾಕಿತ್ತು. ಆದರೂ ಮನಸ್ಸು ತಡೆಯದೆ ಒಂದು ದಿನ ಫೋನಿನಲ್ಲೇ ಕೇಳಿಯೇಬಿಟ್ಟೆ, "ನಿನ್ನ ಫೋನಿನಲ್ಲಿ ನನ್ನ ಹೆಸರು ಏನಂತ ಐತಮ್ಮ?" ಎಂದು.

"ಅಂಥದ್ದೆಲ್ಲ ಹೇಳಬಾರದು ಅಂತ ನೀವೇ ಕಲಿಸಿದ್ದಲ್ವಾ ಅಪ್ಪಾಜಿ" ಎಂದಳು. ನಗುತ್ತಿದ್ದಳೆಂದು ದನಿಯಲ್ಲೇ ಗೊತ್ತಾಯಿತು. ಆಮೇಲೆ ಹಬ್ಬಕ್ಕೆ ಮನೆಗೆ ಬಂದಾಗ ಅವಳ ಫೋನು ಮೇಜಿನ ಮೇಲಿತ್ತು. ಸುತ್ತ ಯಾರೂ ಇರಲಿಲ್ಲ. ಮೆಲ್ಲಗೆ ಹತ್ತಿರ ಹೋಗಿ, ಜೇಬಿನಲ್ಲೇ ಒತ್ತಿ ಅವಳಿಗೆ ಫೋನ್ ಮಾಡಿದೆ. ಮೇಜು ನಡುಗಿತು. ಫೋನನ್ನು ಅವಳು ಬೋರಲು ಹಾಕಿ ಹೋಗಿದ್ದಳು.