ಏಳನೇ ತಲೆಮಾರಿನ ಕಂಪ್ಯೂಟರು

ಬೇಡ ಎಂದ ಕೂಡಲೇ ಸುಮ್ಮನಾಗುವ ಗುಣ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ಅವರು ಸುಖಿಗಳು. ರಿಪೇರಿ ಆಗುವುದಿಲ್ಲ ಎಂದು ಅಂಗಡಿಯವನು ಹೇಳಿದರೆ ಹೊಸದು ಕೊಳ್ಳುತ್ತಾರೆ, ಊಟ ಮಾಡುತ್ತಾರೆ, ಮಲಗುತ್ತಾರೆ. ನಾನು ಆ ಪೈಕಿಯವಳಲ್ಲ. 'ಇದು ಇನ್ನು ಆಗಲ್ಲ' ಎಂದು ಯಾರಾದರೂ ಅಂದುಬಿಟ್ಟರೆ ನನ್ನೊಳಗೆ ಏನೋ ಎದ್ದು ಕೂತುಬಿಡುತ್ತದೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ಕಾಲದಲ್ಲಿ, 'ಇವನು ಪಾಸಾಗಲ್ಲ ಬಿಡಿ ಮೇಡಂ' ಎಂದು ಸ್ಟಾಫ್ ರೂಮಿನಲ್ಲಿ ತೀರ್ಮಾನವಾದ ಹುಡುಗನನ್ನೇ ಹುಡುಕಿ ಮನೆಗೆ ಕರೆಸಿಕೊಳ್ಳುತ್ತಿದ್ದೆ. ಅವನೂ ಅಳುತ್ತಿದ್ದ, ನಾನೂ ಅಳುತ್ತಿದ್ದೆ, ಕೊನೆಗೆ ಪಾಸಾಗುತ್ತಿದ್ದ. ನಮ್ಮ ಮಿಕ್ಸಿಯ ಮುಚ್ಚಳಕ್ಕೆ ರಬ್ಬರು ಸಿಗುವುದೇ ಇಲ್ಲವೆಂದು ಮಂಡ್ಯದ ಅಂಗಡಿಯವರೆಲ್ಲ ಹೇಳಿದ ಮೇಲೆ ಮಳವಳ್ಳಿಗೆ ಬಸ್ಸು ಹತ್ತಿ ಹೋಗಿ ತಂದವಳು ನಾನು. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲಂತೂ ನನ್ನ ಹಟಕ್ಕೆ ತಡೆಯೇ ಇಲ್ಲದಂತಾಗಿದೆ ಎಂಬುದು ನಮ್ಮ ಯಜಮಾನರ ದೂರು.

ಇಂಥವಳ ಮುಂದೆ, ಹೋದ ವರ್ಷ ದಸರೆಯ ಆಸುಪಾಸಿನಲ್ಲಿ, ನಮ್ಮ ಮನೆಯ ಕಂಪ್ಯೂಟರು ಒಂದು ನೋಟಿಸು ಹಿಡಿದು ನಿಂತಿತು. ಅದರಲ್ಲಿರುವ ವಿಂಡೋಸ್ ಹತ್ತಕ್ಕೆ ಇನ್ನು ಬೆಂಬಲ ಇಲ್ಲವಂತೆ. ಕಂಪ್ಯೂಟರೇನೂ ನಿಂತುಹೋಗುವುದಿಲ್ಲ. ಆದರೆ ಒಳಗೆ ಎಲ್ಲಾದರೂ ತೂತು ಬಿದ್ದರೆ ಮುಚ್ಚಲು ಯಾರೂ ಬರುವುದಿಲ್ಲ, ಕಳ್ಳರು ನುಗ್ಗಿದರೆ ನಿಮ್ಮ ಹಣೆಬರಹ ಎಂಬುದು ಅದರ ಸಾರಾಂಶ. ಆಮೇಲೆ ನೋಡೋಣ ಎಂದು ನೋಟಿಸನ್ನು ಪಕ್ಕಕ್ಕೆ ಸರಿಸಿದೆ. ಅದು ಮತ್ತೆ ಬಂತು, ಮತ್ತೆ ಸರಿಸಿದೆ. ನಮ್ಮ ಯಜಮಾನರು ವಿದ್ಯುತ್ ಇಲಾಖೆಯಲ್ಲಿ ಲೈನು ನೋಡಿಕೊಂಡು ನಿವೃತ್ತರಾದವರು. ಜಗತ್ತಿನ ಎಲ್ಲ ತೊಂದರೆಗೂ ಅವರಲ್ಲಿ ಒಂದೇ ಮದ್ದು, ಫ್ಯೂಸು ಕಿತ್ತು ಮತ್ತೆ ಹಾಕುವುದು. "ಓಡ್ತಾ ಅದಲ್ಲ, ಸುಮ್ಕಿರೇ. ಇಂಟರ್ನೆಟ್ಟಿನ ವೈರು ಕಿತ್ತಾಕ್ಬುಡು, ಕಳ್ಳ ಯಾವ ದಾರೀಲಿ ಬತ್ತಾನೋ ನೋಡುವಾ" ಎಂದರು. ಮಾತು ತೀರಾ ದಡ್ಡತನದ್ದೇನಲ್ಲ. ಆದರೆ ಜಾತಕಗಳು ಬರುವುದೂ ಅದೇ ದಾರಿಯಲ್ಲಿ.

ಜಾತಕದ ವಿಷಯ ಹೇಳಿಬಿಡಬೇಕು. ನಿವೃತ್ತಿಯಾದ ಮೇಲೆ ನಾನು ಹಚ್ಚಿಕೊಂಡ ಕೆಲಸ ಗಂಡು ಹೆಣ್ಣು ಹುಡುಕಿಕೊಡುವುದು. ದಲ್ಲಾಳಿತನವಲ್ಲ, ಪುಕ್ಕಟೆ ಸೇವೆ. ಹೊಳಲು ನನ್ನ ತವರು. ಮದ್ದೂರು, ಮಳವಳ್ಳಿ ಕಡೆ ಎಲ್ಲಿ ನೋಡಿದರೂ ನೆಂಟರು. ಎಲ್ಲರ ಮನೆಯ ಮಕ್ಕಳ ಫೋಟೋ, ಹುಟ್ಟಿದ ದಿನ, ಫೋನ್ ನಂಬರು ಈ ಕಂಪ್ಯೂಟರಿನಲ್ಲೇ ಇವೆ. ಜಾತಕ ಇಮೇಲಿನಲ್ಲಿ ಬಂದರೂ, ಹೆಣ್ಣುಮಕ್ಕಳ ಫೋಟೋವನ್ನು ವಾಟ್ಸಾಪಿನಲ್ಲಿ ಕಳಿಸಲು ನಮ್ಮ ನೆಂಟರ ಪೈಕಿ ಹಿರಿಯರು ಒಪ್ಪುವುದಿಲ್ಲ, ಊರೆಲ್ಲ ಸುತ್ತಿಬರುತ್ತದೆ ಎಂಬ ಭಯ. ಒಳ್ಳೆಯ ದಿನ ನೋಡಿ, ಪೆನ್ ಡ್ರೈವಿಗೆ ಹಾಕಿಸಿಕೊಂಡು ಖುದ್ದಾಗಿ ಬರುತ್ತಾರೆ. ಮೊದಲಾದರೆ ಫೋಟೋ ಇಟ್ಟ ಕವರಿನ ನಾಲ್ಕು ಮೂಲೆಗೆ ಅರಿಶಿನ ಹಚ್ಚುತ್ತಿದ್ದರು. ಪೆನ್ ಡ್ರೈವಿಗೆ ಮೂಲೆ ಎಲ್ಲಿದೆ? ಮುಚ್ಚಳ ತೆಗೆದು ಅದರ ಮೂತಿಗೇ ಅರಿಶಿನ ಕುಂಕುಮ ಹಚ್ಚಿ ತರುತ್ತಾರೆ. ಹಾಗೆ ಮಾಡಬೇಡಿ ಎಂದು ಎಷ್ಟು ಸಲ ಹೇಳಿದರೂ "ಸುಬಕಾರ್ಯ ಟೀಚರಮ್ಮ, ಬರೀದು ಕೊಡಕಾಯ್ತದಾ?" ಎನ್ನುತ್ತಾರೆ. ಕೊಟ್ಟು ಹೋಗುವಾಗ ಇನ್ನೊಂದು ಮಾತು: "ನಿಮ್ ಮನೇಲಿದ್ರೆ ನಮ್ ಬೀರೂಲಿದ್ದಂಗೆ." ನನ್ನ ಹಳೆಯ ಪ್ರಶ್ನೆಪತ್ರಿಕೆಗಳನ್ನು ಕಳ್ಳ ಹೊತ್ತುಕೊಂಡು ಹೋದರೆ ಹೋಗಲಿ, ಕೂತು ಲೆಕ್ಕ ಬಿಡಿಸಲಿ. ಆದರೆ ನನ್ನನ್ನು ನಂಬಿ ಕೊಟ್ಟ ಹೆಣ್ಣುಮಕ್ಕಳ ಮುಖ ಯಾವನದೋ ಕೈಗೆ ಸಿಕ್ಕಿದರೆ ನಾನು ಯಾವ ಮದುವೆ ಮನೆಯಲ್ಲಿ ತಲೆಯೆತ್ತಿ ಊಟಕ್ಕೆ ಕೂರಲಿ? ಆ ಯೋಚನೆ ಬಂದ ದಿನ ನನಗೆ ನಿಜವಾಗಿಯೂ ಭಯವಾಯಿತು.

ಹೊಸ ವಿಂಡೋಸನ್ನೇ ಹಾಕಿಬಿಡೋಣವೆಂದು ಹೊರಟೆ. ಅದು ಸುಮ್ಮನೆ ಬರುವುದಿಲ್ಲ, ಮೊದಲು ಕಂಪ್ಯೂಟರನ್ನು ಪರೀಕ್ಷೆ ಮಾಡುತ್ತದೆ. ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಬಂದ ಹಾಗೆ ಮೂಲೆಮೂಲೆಯನ್ನೂ ನೋಡಿತು. ಮೆಮೊರಿ ಸಾಕು. ಡಿಸ್ಕಿನಲ್ಲಿ ಜಾಗ ಧಾರಾಳ. ನಾನು ಉಬ್ಬಿದೆ. ಕೊನೆಗೆ, ಒಳಗಿನ ಪ್ರೊಸೆಸರು ಏಳನೇ ತಲೆಮಾರಿನದು, ಎಂಟರಿಂದ ಮೇಲಿನವರಿಗೆ ಮಾತ್ರ ಪ್ರವೇಶ ಎಂದು ಗೊತ್ತಾಯಿತು. ಯಂತ್ರವನ್ನು ಆಟೋದಲ್ಲಿಟ್ಟುಕೊಂಡು ಅಂಗಡಿಗೆ ಹೋದೆ. ಅಂಗಡಿಯವನು ಮುಚ್ಚಳವನ್ನೂ ಬಿಚ್ಚದೆ, "ಇದರ ಕಾಲ ಮುಗೀತು ಮೇಡಂ, ಹೊಸದು ನೋಡಿ" ಎಂದ. ಮಗಳು ಸುಮಾ ಮದ್ದೂರಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸದಲ್ಲಿದ್ದಾಳೆ, ದಿನಾ ರೈಲಿನಲ್ಲಿ ಓಡಾಡುತ್ತಾಳೆ. ಅವಳೂ, "ಗುಜರಿಗೆ ಹಾಕಮ್ಮ, ಲ್ಯಾಪ್‌ಟಾಪ್ ತಗೊಳ್ಳೋಣ" ಎಂದಳು. ಎಲ್ಲರೂ ಒಂದೇ ಮಾತು ಹೇಳಿದಾಗ ನನಗೆ ಬರುವುದು ಒಂದೇ ಯೋಚನೆ, ಅದನ್ನು ಮೇಲೆ ಆಗಲೇ ಹೇಳಿದ್ದೇನೆ. ಆದರೂ ಈ ಸಲ ಸ್ವಲ್ಪ ಮೆತ್ತಗಾಗಿದ್ದೆ. ಹೊಸ ಲ್ಯಾಪ್‌ಟಾಪಿನ ಬಣ್ಣ ಯಾವುದಿರಲಿ ಎನ್ನುವವರೆಗೂ ಹೋಗಿದ್ದೆ.

ಅಷ್ಟರಲ್ಲಿ ಪೂರಿಗಾಲಿಯ ಜಯಮ್ಮ ಬಂದರು. ನನಗೆ ದೂರದ ನೆಂಟರು. ಮಗ ಮಾದೇಶನಿಗೆ ಹೆಣ್ಣು ಹುಡುಕಿ ಹುಡುಕಿ ಸೋತವರು, ಮಂಡ್ಯಕ್ಕೆ ಯಾವ ಕೆಲಸಕ್ಕೆ ಬಂದರೂ ನಮ್ಮ ಮನೆ ಮೆಟ್ಟಿಲು ಹತ್ತದೆ ಹೋಗುವುದಿಲ್ಲ.

"ಅದ್ಯಾಕ್ ಟೀಚರಮ್ಮ, ಮಕ ಇಂಗ್ ಮಾಡ್ಕಂಡ್ ಕುಂತಿದ್ದೀರಿ?"

ಕಂಪ್ಯೂಟರಿನ ಕಥೆ ಹೇಳಿದೆ.

"ಕೆಟ್ಟೋಗದಾ?"

"ಕೆಟ್ಟಿಲ್ಲ ಜಯಮ್ಮ."

"ಓಡಾಕಿಲ್ವಾ?"

"ಚೆನ್ನಾಗೇ ಓಡುತ್ತೆ. ಏಳನೇ ತಲೆಮಾರಿಂದಂತೆ, ಎಂಟನೇದೇ ಬೇಕಂತೆ ಅವರಿಗೆ."

ಜಯಮ್ಮ ಎದ್ದು ಬಂದು ಕಂಪ್ಯೂಟರಿನ ತಲೆ ಸವರಿದರು. "ನಮ್ ಮಾದೇಸಂಗೂ ಇಂಗೇಯ ಕಣಮ್ಮ" ಎಂದರು. "ಕುಡಿಯಾಕಿಲ್ಲ, ಇಸ್ಪೀಟಾಡಾಕಿಲ್ಲ. ನೀರಾವರಿ ಜಮೀನದೆ, ಹೆಂಚು ತೆಗ್ಸಿ ಮನೆಗೆ ಮೋಲ್ಡ್ ಆಕ್ಸವ್ನೆ. ಬಂದೋರು ಎಲ್ಲಾನೂ ನೋಡ್ತಾರೆ, ಸಂದಾಗದೆ ಅಂತಾರೆ, ಕಾಪಿ ಕುಡೀತಾರೆ. ಬೇಸಾಯ ಅಂದೇಟ್ಗೆ ಎದ್ದೋಯ್ತಾರೆ." ಆಮೇಲೆ ಸೆರಗು ಸರಿಮಾಡಿಕೊಂಡು ಕೇಳಿದರು. "ಈಗೇನು, ಬಿಸಾಕ್ಬುಡ್ತೀರಾ ಇದ್ನ?"

"ಇಲ್ಲ ಜಯಮ್ಮ, ಬಿಸಾಕಲ್ಲ" ಎಂದೆ. ಹೇಳಿದ ಮೇಲೆ ಮುಗಿಯಿತು. ಲ್ಯಾಪ್‌ಟಾಪಿನ ಬಣ್ಣವನ್ನು ಅಲ್ಲಿಗೇ ಕೈಬಿಟ್ಟೆ.

ಲಿನಕ್ಸ್ ಎಂಬ ಇನ್ನೊಂದು ವ್ಯವಸ್ಥೆ ಇದೆ, ಕಾಸು ಕೇಳುವುದಿಲ್ಲ, ತಲೆಮಾರಿನ ತಕರಾರೂ ಕಡಿಮೆ ಎಂದು ಎಲ್ಲೋ ಓದಿದ್ದೆ. ಅಂಗಡಿಯವನನ್ನು ಮತ್ತೆ ಕೇಳುವ ಮನಸ್ಸಿರಲಿಲ್ಲ. ವಿಡಿಯೋ ನೋಡಿ ನಾನೇ ಹಾಕುತ್ತೇನೆಂದು ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ವಿಡಿಯೋದಲ್ಲಿ ಹೇಳುವವರೆಲ್ಲ ಓಡುವ ರೈಲಿನಿಂದ ಮಾತಾಡಿದ ಹಾಗೆ ಮಾತಾಡುತ್ತಾರೆ. ನಿಲ್ಲಿಸಿ, ಹಿಂದಕ್ಕೆ ಸರಿಸಿ, ಮತ್ತೆ ಕೇಳಿ ಕಲಿತೆ. ಮೊದಲು ಎಲ್ಲ ಫೋಟೋ, ಜಾತಕಗಳನ್ನು ಹಿಂಬದಿಗೆ ಸಿಕ್ಕಿಸಿದ ಬೇರೆ ಡಿಸ್ಕಿಗೆ ನಕಲು ಮಾಡಿದೆ. ಗಂಡು ಒಂದು ಕಡೆ, ಹೆಣ್ಣು ಒಂದು ಕಡೆ ಇಟ್ಟಿದ್ದೆ, ಅವಸರದಲ್ಲಿ ಎಲ್ಲವೂ ಒಂದೇ ರಾಶಿಯಾಯಿತು. ಆಮೇಲೆ ಲಿನಕ್ಸ್ ತುಂಬಿದ ಪೆನ್ ಡ್ರೈವನ್ನು, ನೆಂಟರ ಪೆನ್ ಡ್ರೈವು ಚುಚ್ಚುವ ಮುಂಭಾಗದ ತೂತಿಗೇ ಚುಚ್ಚಿದೆ. ಕಂಪ್ಯೂಟರು ಅದನ್ನು ಕಂಡಂತೆಯೇ ತೋರಿಸಿಕೊಳ್ಳಲಿಲ್ಲ. ತಿರುಗಿಸಿ ಚುಚ್ಚಿದೆ, ಊದಿ ಚುಚ್ಚಿದೆ. ಟಾರ್ಚ್ ಬಿಟ್ಟು ನೋಡಿದರೆ, ಇಷ್ಟು ವರ್ಷದ ಶುಭಕಾರ್ಯಗಳೆಲ್ಲ ಆ ತೂತುಗಳಲ್ಲಿ ಗಟ್ಟಿಯಾಗಿ ಕೂತಿದ್ದವು, ಅರಿಶಿನ ಒಂದು ಪದರ, ಕುಂಕುಮ ಒಂದು ಪದರ. "ಮೊದ್ಲು ಮೇನ್ ಆಫ್ ಮಾಡೇ" ಎಂದು ಯಜಮಾನರು ಕೂಗಿದರು. ಈ ಇಡೀ ಪ್ರಕರಣದಲ್ಲಿ ಅವರು ಹೇಳಿದ ಸರಿಯಾದ ಮಾತು ಅದೊಂದೇ. ಅವರು ಟಾರ್ಚ್ ಹಿಡಿದರು, ನಾನು ಹಳೆಯ ಟೂತ್ ಬ್ರಷ್ಷಿನಿಂದ ಕೆರೆದೆ. ಉದುರಿದ ಪುಡಿಯನ್ನು ಕಸದ ಬುಟ್ಟಿಗೆ ಹಾಕಲು ಮನಸ್ಸು ಬಾರದೆ ತುಳಸಿ ಗಿಡದ ಬುಡಕ್ಕೆ ಹಾಕಿದೆ.

ಈಗ ಪೆನ್ ಡ್ರೈವು ಕಂಡಿತು. ಒಂದಷ್ಟು ಪ್ರಶ್ನೆ ಕೇಳಿ, ಕೊನೆಗೆ ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿಹಾಕಲೇ ಎಂದಿತು. ಯಜಮಾನರು ನೀರು ಕುಡಿಯುವ ನೆಪದಲ್ಲಿ ಎದ್ದು ಹೋದರು. ನಕಲು ಮಾಡಿದ್ದನ್ನು ಇನ್ನೊಮ್ಮೆ ತೆಗೆದು ನೋಡಿ, ಮನೆದೇವರನ್ನು ನೆನೆದು, ಹೂಂ ಎಂದೆ. ಹೊಸ ಪರದೆ ಬಂದಾಗ ನಾನು ಯಾರಿಗೂ ಹೇಳದೆ ಒಳಗೆ ಹೋಗಿ ಒಂದು ಉಂಡೆ ಬೆಲ್ಲ ಬಾಯಿಗೆ ಹಾಕಿಕೊಂಡೆ.

ವಿಷಯ ತಿಳಿದು ಜಯಮ್ಮ ಮತ್ತೆ ಬಂದರು, ಒಂದು ಸಂಜೆ, ಮಾದೇಶನ ಹೊಸ ಫೋಟೋ ತೆಗೆದುಕೊಂಡು. ಪೆನ್ ಡ್ರೈವಿನ ಮೂತಿ ಒರೆಸಿಯೇ ಚುಚ್ಚಿದೆ. ಫೋಟೋ ಸೇರಿಸಿದ ಮೇಲೆ, ಎಲ್ಲವೂ ಸರಿಯಾಗಿ ಬಂದಿವೆಯೇ ಎಂದು ಇಬ್ಬರೂ ಕೂತು ನೋಡಿದೆವು. ಜಯಮ್ಮನಿಗೆ ಎಲ್ಲರೂ ಗೊತ್ತು. ಇವ್ಳು ಬೆಳಕವಾಡಿಯೋಳು, ಇವ್ಳು ಕಿರುಗಾವಲಿನೋಳು, ಇವಳ್ದು ಮದ್ವೆ ಆಯ್ತು ತೆಗ್ದಾಕಿ, ಎಂದು ಹಾಜರಿ ಕರೆದರು. ರಾಶಿ ಮುಗಿದ ಮೇಲೆ ತಿರುಗಿ ಕೇಳಿದರು.

"ನಮ್ ಸುಮನ ಪಟ ಬರ್ನೇ ಇಲ್ವಲ್ಲ ಟೀಚರಮ್ಮ. ಅಳ್ಸೋಯ್ತಾ?"

ಹೌದು ಎಂದುಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಒಂದು ಫೋಟೋವೂ ಅಳಿಸಿಹೋಗಿಲ್ಲವೆಂದು ಈಗತಾನೇ ಜಂಬ ಕೊಚ್ಚಿಕೊಂಡಿದ್ದೆ. "ಅವಳದ್ದು ಹಾಕಿರಲಿಲ್ಲ" ಎಂದೆ.

"ಅದ್ಯಾಕೆ? ಅವ್ಳಿಗೂ ಗಂಡು ನೋಡ್ತಿದ್ದೀರಲ್ಲ. ನಮ್ ಮಕ್ಳೆಲ್ಲಾ ಇದ್ರಾಗವ್ರೆ, ನಿಮ್ಮವಳೊಬ್ಳೇ ಈಚೇಲಿರ್ಬೇಕಾ? ಅವ್ಳ್ದೂ ಆಕಿ."

ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಫೋನಿನಲ್ಲಿದ್ದ ಸುಮಾಳ ಫೋಟೋ ಹಾಕಿದೆ. ಕೊನೆಗೆ ಬಂದವರನ್ನು ಮೊದಲು ಕೂರಿಸುವುದು ಈ ಹೊಸ ವ್ಯವಸ್ಥೆಯ ಪದ್ಧತಿ ಎಂದು ನನಗೇನು ಗೊತ್ತು? ಪರದೆಯ ಮೇಲ್ತುದಿಯಲ್ಲಿ, ನೀಲಿ ಸೀರೆಯ ಸುಮಾ; ಅವಳ ಪಕ್ಕದಲ್ಲೇ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕಬ್ಬಿನ ಗದ್ದೆಯ ಬದುವಿನ ಮೇಲೆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತ ಮಾದೇಶ. ಒಳ್ಳೆಯ ಹುಡುಗ. ಅದನ್ನು ಹತ್ತು ಮನೆಗೆ ನಾನೇ ಹೇಳಿದ್ದೇನೆ, ನಮ್ಮ ಮನೆಯಲ್ಲಿ ಮಾತ್ರ ಹೇಳಿಲ್ಲ. ಜಯಮ್ಮ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು. ನಾನು ಫೋಟೋಗಳನ್ನು ಬೇರೆ ಬೇರೆ ಮಾಡುವ ಗುಂಡಿ ಎಲ್ಲಿದೆಯೆಂದು ಗಡಿಬಿಡಿಯಲ್ಲಿ ಹುಡುಕತೊಡಗಿದೆ.

"ಇರ್ಲಿ ಬುಡಿ ಟೀಚರಮ್ಮ" ಎಂದರು ಜಯಮ್ಮ, ಪರದೆಯಿಂದ ಕಣ್ಣು ತೆಗೆಯದೆ. "ಒಂದ್ಗಳ್ಗೆ ಅಂಗೇ ಇರ್ಲಿ."

ಮೌಸು ಬಿಟ್ಟು, ಕಾಫಿ ತರುತ್ತೇನೆಂದು ಅಡುಗೆಮನೆಗೆ ಎದ್ದು ಬಂದೆ. ಸುಮಾ ರೈಲಿಳಿದು ಮನೆಗೆ ಬರುವ ಹೊತ್ತಾಗಿತ್ತು. ಅವಳು ಬರುವುದರೊಳಗೆ ಜಯಮ್ಮ ಕಾಫಿ ಕುಡಿದು ಹೊರಡಲಿ ಎಂದು ಹಾಲಿನ ಕೆಳಗಿನ ಉರಿ ಜೋರು ಮಾಡಿದೆ.