ಡೊಂಬಿವಲಿಯಲ್ಲಿ ಸದ್ಯಕ್ಕೆ ವಿಮಾನವಿಲ್ಲ

ನಮ್ಮ ಮಾವನವರು ಜೀವಮಾನದಲ್ಲಿ ಒಂದು ಸಲವೂ ವಿಮಾನ ಹತ್ತಿದವರಲ್ಲ. ಹಿಮವನ್ನಂತೂ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವರಲ್ಲ. ಆದರೂ ವಿಮಾನದ ಮೇಲೆ ಕೂತ ಹಿಮವನ್ನು ಕರಗಿಸುವ ದ್ರವದ ವಿಷಯದಲ್ಲಿ ಮುಂಬಯಿ ಪಕ್ಕದ ಠಾಣೆಯಿಂದ ಕಲ್ಯಾಣದವರೆಗೆ ಅವರಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ ಎಂದು ನಾನು ಪಂಥ ಕಟ್ಟಿ ಹೇಳಬಲ್ಲೆ. ಇನ್ನೊಬ್ಬರಿಗೆ ತಿಳಿದುಕೊಳ್ಳುವ ದರ್ದೇ ಬಿದ್ದಿರಲಿಲ್ಲ ಎನ್ನುವುದು ಬೇರೆ ಮಾತು ಬಿಡಿ!

ಮಾವನವರು ಎಂದರೆ ನನ್ನ ಗಂಡನ ಅಪ್ಪ. ಉಡುಪಿ ಕಡೆಯವರು. ಮನೆಯಲ್ಲಿ ನಮ್ಮದು ತುಳು, ನಿಮಗೋಸ್ಕರ ಕನ್ನಡಕ್ಕೆ ತಿರುಗಿಸುತ್ತಿದ್ದೇನೆ. ಠಾಣೆಯ ನೌಪಾಡಾದ ಹೋಟೆಲೊಂದರಲ್ಲಿ ಮೂವತ್ತು ವರ್ಷ ಸಿಹಿತಿಂಡಿಯ ಒಲೆಯ ಮುಂದೆ ನಿಂತು, ಜಿಲೇಬಿ, ಮೈಸೂರು ಪಾಕು ಎಂದು ಪಾಕ ಕಾಯಿಸಿ ನಿವೃತ್ತರಾದವರು. ಇನ್ನು ಅವರು ಪೇಪರು ಓದಿಕೊಂಡು, ಮಧ್ಯಾಹ್ನ ಮಲಗಿಕೊಂಡು ಆರಾಮವಾಗಿರುತ್ತಾರೆ ಎಂದು ನಾವು ತಿಳಿದಿದ್ದೆವು. ನಮ್ಮ ತಿಳಿವಳಿಕೆಗೆ ಏನು ಹೇಳೋಣ!

ಅವರ ಊರಿನವರೇ ಆದ ಗೆಳೆಯರೊಬ್ಬರು ನಮ್ಮ ಡೊಂಬಿವಲಿಯ ಕಾರ್ಖಾನೆಗಳ ಸಾಲಿನಲ್ಲಿ ಒಂದು ಗಾಳಾ ನಡೆಸುತ್ತಿದ್ದರು. ಗಾಳಾ ಎಂದರೆ ಇಲ್ಲಿಯವರ ಮಾತಿನಲ್ಲಿ ತಗಡಿನ ಮಾಡಿನ ಸಣ್ಣ ಕಾರ್ಖಾನೆ. ಲಾರಿಗಳಿಂದ, ಯಂತ್ರಗಳಿಂದ ಬಸಿದ ಹಳೆಯ ಕೂಲೆಂಟನ್ನು, ಎಂದರೆ ಎಂಜಿನ್ನು ಬಿಸಿಯಾಗದಂತೆ ಕಾಯುವ ದ್ರವವನ್ನು, ಕಾಯಿಸಿ, ಸೋಸಿ, ಮತ್ತೆ ಬಳಸುವಂತೆ ಮಾಡುವುದು ಅಲ್ಲಿಯ ಕೆಲಸ. ಗೆಳೆಯರಿಗೆ ವಯಸ್ಸಾಯಿತು, ಬೀಗ ಹಾಕುತ್ತೇನೆ ಎಂದರು. ಅಲ್ಲಿ ಕಲಬುರಗಿ ಕಡೆಯ ನಾಲ್ಕು ಜನ ಕೆಲಸಗಾರರಿದ್ದರು. ಅವರಲ್ಲಿ ಹಿರಿಯನಾದ ಮಲ್ಲಪ್ಪ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತ.

"ಕಾಕಾರ, ಕೀಲಿ ಹಾಕಿದ್ರ ನಾವು ಎಲ್ಲಿ ಹೋಗಬೇಕ್ರಿ? ಮತ್ತ ಕೂಲಿಗಿ ನಾಕಾದಾಗ ನಿಂದ್ರಬೇಕೇನ್ರಿ?"

"ನಾಕಾದಲ್ಲಿ ಎಂತಕ್ಕೆ ನಿಲ್ಲುವುದು? ನಾನಿಲ್ವಾ?" ಎಂದುಬಿಟ್ಟರು ಮಾವ. ನಾಕಾ ಎಂದರೆ ಕೂಲಿಯಾಳುಗಳು ಬೆಳಿಗ್ಗೆ ಕೆಲಸಕ್ಕಾಗಿ ಕಾದು ನಿಲ್ಲುವ ರಸ್ತೆಯ ಮೂಲೆ.

ಅತ್ತೆ ಒಳಗಿನಿಂದ ಸೌಟು ಹಿಡಿದೇ ಹೊರಗೆ ಬಂದರು. "ನಿಮಗೆ ಅದರಲ್ಲಿ ಎಂತ ಗೊತ್ತುಂಟು ಮಾರಾಯ್ರೆ?"

"ಎಂತ ಗೊತ್ತಿರ್ಬೇಕು? ಕಾಯಿಸುವುದು, ನೀರಿನ ಅಂಶ ಹೋಗುವವರೆಗೆ ಬತ್ತಿಸುವುದು, ಸೋಸುವುದು. ಜಿಲೇಬಿಯ ಪಾಕಕ್ಕೂ ಇದಕ್ಕೂ ಎಂತ ವ್ಯತ್ಯಾಸ?"

"ಜಿಲೇಬಿ ತಿನ್ಲಿಕ್ಕಾಗ್ತದೆ!"

ಹೀಗೆ ಅರವತ್ತೈದನೆಯ ವಯಸ್ಸಿನಲ್ಲಿ ನಮ್ಮ ಮಾವ ಕಾರ್ಖಾನೆಯ ಯಜಮಾನರಾದರು. ಯಜಮಾನರಾದ ಮೇಲೂ ಕೈಯ ಅಭ್ಯಾಸ ಬಿಡಬೇಕಲ್ಲ! ಕಾಯುತ್ತಿರುವ ದ್ರವದಿಂದ ಒಂದು ಹನಿ ತೆಗೆದು, ಆರಿಸಿ, ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ ಎಳೆ ಬರುತ್ತದೆಯೇ ಎಂದು ನೋಡುವರು. ಅದಕ್ಕೆ ಒಂದೆಳೆಯೂ ಬಾರದು, ಎರಡೆಳೆಯೂ ಬಾರದು. "ಎಳೆ ಬರ್ಲಿಲ್ಲ ಅಂದ್ರೆ ಹದ ಸರಿ ಉಂಟು" ಎಂದು ತಾವೇ ಹೊಸದೊಂದು ನಿಯಮ ಮಾಡಿಕೊಂಡರು. ಆ ದ್ರವ ನಾಲಿಗೆಗೆ ಸಿಹಿ, ಹೊಟ್ಟೆಗೆ ವಿಷ ಎಂದು ಗೆಳೆಯರು ಹೆದರಿಸಿ ಹೋಗಿದ್ದರಿಂದ, ಯಾರೂ ರುಚಿ ನೋಡದಿರಲಿ ಎಂದು ಪ್ರತಿಯೊಂದು ಡ್ರಮ್ಮಿನ ಮೇಲೂ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಬರೆಸಿದರು: "ಇದು ಪಾಯಸ ಅಲ್ಲ." ಇಂಥ ಎಚ್ಚರಿಕೆಯ ಫಲಕ ಇಡೀ ಮಹಾರಾಷ್ಟ್ರದಲ್ಲಿ ಇನ್ನೊಂದಿದ್ದರೆ ತೋರಿಸಿ!

ಇಷ್ಟರಲ್ಲೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಒಂದು ದಿನ ತಳೋಜಾದ ವ್ಯಾಪಾರಿಯೊಬ್ಬ ಹೊಸ ಮಾಲು ತಂದ. ಎಲ್ಲೋ ಉತ್ತರದ ಹಿಮದ ಊರಿನಲ್ಲಿ, ಹೊರಡುವ ಮುಂಚೆ ವಿಮಾನಗಳಿಗೆ ಈ ದ್ರವವನ್ನು ಎರಚುತ್ತಾರಂತೆ. ರೆಕ್ಕೆಯ ಮೇಲಿನ ಹಿಮವೆಲ್ಲ ಕರಗಿ ಕೆಳಗೆ ಬಸಿಯುತ್ತದಂತೆ. ಬಸಿದದ್ದನ್ನು ಹಿಡಿದು ಡ್ರಮ್ಮಿಗೆ ತುಂಬಿಸಿ ಕಳಿಸಿದ್ದಾರೆ, ಶುದ್ಧ ಮಾಡಿದರೆ ಮತ್ತೆ ಉಪಯೋಗಕ್ಕೆ ಬರುತ್ತದೆ ಎಂದ. ಮಾವ ಆ ರಾತ್ರಿ ಊಟದ ಹೊತ್ತಿಗೆ ನಮಗೆಲ್ಲ ಇದನ್ನು ವಿವರಿಸಿದರು.

"ವಿಮಾನದ ಮೈ ತೊಳೆದ ನೀರಾ?" ಅತ್ತೆ ಕಣ್ಣರಳಿಸಿದರು. "ನಾಳೆಯಿಂದ ಸ್ನಾನ ಮಾಡದೆ ಒಳಗೆ ಬರುವ ಹಾಗಿಲ್ಲ!"

"ಶುದ್ಧ ಮಾಡಿದ್ದನ್ನು ಯಾರು ತಗೊಳ್ತಾರೆ ಮಾವ?" ಎಂದು ನಾನು ಕೇಳಿದೆ.

"ಮುಂಬ್ರಾದ ಹತ್ತಿರದ ಐಸ್ ಫ್ಯಾಕ್ಟರಿಯವರು."

"ಐಸ್ ಕರಗಿಸ್ಲಿಕ್ಕಾ?"

"ಅಲ್ಲ, ಐಸ್ ಮಾಡ್ಲಿಕ್ಕೆ."

ನನ್ನ ಗಂಡ ಮಜ್ಜಿಗೆ ಬಡಿಸಿಕೊಂಡು ಬೇಗ ಬೇಗ ಉಂಡು ಎದ್ದರು. ಹಿಮ ಕರಗಿಸುವ ದ್ರವದಿಂದಲೇ ಹಿಮ ಮಾಡುವ ಮನುಷ್ಯನ ಜೊತೆ ಯಾರು ವಾದ ಮಾಡುತ್ತಾರೆ ಹೇಳಿ! ಮರುದಿನ ಬಿಲ್ಡಿಂಗಿನ ಹೆಂಗಸರ ಮುಂದೆ ಈ ಕತೆ ಹೇಳಿ ನಾನು ಹೊಟ್ಟೆ ಹುಣ್ಣಾಗುವಷ್ಟು ನಗಿಸಿದೆ. ಅಲ್ಲಿಂದ ಮುಂದೆ ವಾರಕ್ಕೊಂದು ಕಂತು ಹೇಳುವುದು ನನಗೊಂದು ಚಟವೇ ಆಗಿಹೋಯಿತು.

ಅಷ್ಟರಲ್ಲಿ ಪಾಲಿಕೆಯಿಂದ ಕಾಗದ ಬಂತು. ಸುತ್ತಲಿನವರು ವಾಸನೆ, ಹೊಗೆ ಎಂದು ದೂರು ಕೊಟ್ಟಿದ್ದರಿಂದ ಇಂಥ ಎಲ್ಲ ಗಾಳಾಗಳನ್ನೂ ಪರಿಶೀಲಿಸುತ್ತಾರಂತೆ. ಹೊಸದಾಗಿ ಅರ್ಜಿ ಹಾಕಬೇಕು, ಸಮಿತಿ ಬಂದು ನೋಡುತ್ತದೆ, ಒಪ್ಪಿಗೆಯಾಗದಿದ್ದರೆ ಸೀಲು. ಮಲ್ಲಪ್ಪನ ಮುಖ ಸಣ್ಣದಾಯಿತು. ಮಾವ ಮಾತ್ರ ಕನ್ನಡಕ ಒರೆಸಿಕೊಂಡು ಕೂತು ಅರ್ಜಿ ಬರೆದರು. "ವಿಮಾನದ ಹಿಮನಿವಾರಕ ದ್ರವದ ಮರುಬಳಕೆ" ಎಂದು ಅದರಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ ಬರೆದರು, ಕೊಳ್ಳುವವರು ಐಸ್ ಫ್ಯಾಕ್ಟರಿಯವರು ಎಂದೂ ಸೇರಿಸಿದರು. ಪಾಲಿಕೆಯ ಗುಮಾಸ್ತರಿಗೆ 'ವಿಮಾನ' ಒಂದೇ ಕಣ್ಣಿಗೆ ಬಿತ್ತು. ವಿಮಾನಗಳು ಎಷ್ಟು, ನಿಲ್ಲಿಸುವ ಜಾಗ ಎಲ್ಲಿ ಎಂದು ತಿರುಗಿ ಪ್ರಶ್ನೆ ಬಂತು.

ಇಲ್ಲಿ ನೀವು ಹೋಟೆಲಿನವರ ಒಂದು ಪದ್ಧತಿ ತಿಳಿದಿರಬೇಕು. ಗಿರಾಕಿಯ ಮುಖದ ಮೇಲೆ "ಇಲ್ಲ" ಎನ್ನುವ ಮಾತು ಅವರ ಬಾಯಲ್ಲಿ ಬರುವುದಿಲ್ಲ. ವಡೆ ಮುಗಿದು ಒಲೆ ಆರಿಸಿ ಪಾತ್ರೆ ತೊಳೆದಿಟ್ಟಿದ್ದರೂ "ಸದ್ಯಕ್ಕೆ ಇಲ್ಲ" ಎನ್ನುತ್ತಾರೆ. ಮೂವತ್ತು ವರ್ಷದ ಅಭ್ಯಾಸ! ವಿಮಾನಗಳು ಎಷ್ಟು ಎಂಬ ಪ್ರಶ್ನೆಗೆ ಮಾವ ಮುತ್ತಿನಂಥ ಅಕ್ಷರದಲ್ಲಿ ಉತ್ತರ ಬರೆದರು: "ಸದ್ಯಕ್ಕೆ ಇಲ್ಲ."

ಸದ್ಯಕ್ಕೆ ಇಲ್ಲ ಎಂದರೆ ಮುಂದೆ ಬರುತ್ತವೆ ಎಂದಾಯಿತಲ್ಲ! ಪಾಲಿಕೆಯವರು ಇದು ನಮ್ಮ ಕೈ ಮೀರಿದ್ದು, ವಿಮಾನ ನಿಲ್ದಾಣದ ಯೋಜನೆ ನೋಡಿಕೊಳ್ಳುವ ಬೇಲಾಪುರದ ಕಚೇರಿಯಿಂದ ಪತ್ರ ತನ್ನಿ ಎಂದರು. ಸುದ್ದಿ ಅದು ಹೇಗೋ ನಮ್ಮ ಬಿಲ್ಡಿಂಗಿನ ಸೊಸೈಟಿಗೂ ಮುಟ್ಟಿತು. ಸೆಕ್ರೆಟರಿ ಮನೆಗೇ ಬಂದು, ತಾರಸಿಯ ಮೇಲಿನ ನೀರಿನ ಟಾಕಿ ವಿಮಾನಕ್ಕೆ ಅಡ್ಡ ಬರುತ್ತದೆಯೇ ಎಂದು ಗಂಭೀರವಾಗಿ ವಿಚಾರಿಸಿದರು. ಅತ್ತೆಗೆ ಅದಕ್ಕಿಂತ ದೊಡ್ಡ ಚಿಂತೆ. "ಹಾಗಾದ್ರೆ ಇನ್ನು ನಾವು ಹಪ್ಪಳ ಒಣಗಿಸುವುದು ಎಲ್ಲಿ?" ನನ್ನ ಮಗಳು, ಇಲ್ಲೇ ಹುಟ್ಟಿದವಳು, ಕನ್ನಡ ತುಳು ಎಲ್ಲ ಕೇಳಿಸಿಕೊಂಡು ಹಿಂದಿಯಲ್ಲೇ ಉತ್ತರ ಕೊಡುವವಳು, "ಮಮ್ಮಿ, ಅಜ್ಜ ಪೈಲಟ್ ಬನ್ ರಹೇ ಹೈ ಕ್ಯಾ?" ಎಂದಳು. ಅಜ್ಜ ಪೈಲಟ್ ಆಗುತ್ತಿದ್ದಾರಾ ಎಂದು!

ಬೇಲಾಪುರಕ್ಕೆ ಮಾವನ ಜೊತೆ ನನ್ನನ್ನೇ ಕಳಿಸಿದರು. ಗಂಡನಿಗೆ ರಜೆ ಇಲ್ಲ, ಅತ್ತೆಗೆ ಮಂಡಿನೋವು, ನಾನು ಹೇಗೂ ಮನೆಯಲ್ಲೇ ಇರುವವಳು! ಠಾಣೆಯಲ್ಲಿ ಗಾಡಿ ಬದಲಿಸಿ, ಕೂರಲು ಜಾಗವಿಲ್ಲದೆ ನಿಂತೇ ಹೋದೆವು. ಆಗ ನವಿ ಮುಂಬಯಿಗೆ ವಿಮಾನ ನಿಲ್ದಾಣ ಬರುತ್ತದೆ, ಬರುತ್ತದೆ ಎಂದು ವರ್ಷಗಳಿಂದ ಮಾತು ಮಾತ್ರ ಬರುತ್ತಿತ್ತು. ಅಲ್ಲಿಯ ಅಧಿಕಾರಿ ಮಾವನ ಅರ್ಜಿಯನ್ನು ಎರಡು ಸಲ ಓದಿ, ಒಂದು ಸಲ ತಲೆ ಕೆರೆದುಕೊಂಡು, "ಕಾಕಾ, ಏರ್‌ಪೋರ್ಟ್ ಅಭೀ ತೋ ನಹೀ ಹೈ" ಎಂದರು. ವಿಮಾನ ನಿಲ್ದಾಣ ಸದ್ಯಕ್ಕಂತೂ ಇಲ್ಲ! ಅದನ್ನೇ ಬರೆದೂ ಕೊಟ್ಟರು.

ಹೊರಗೆ ಬಂದ ಮೇಲೆ ಮಾವನಿಗೆ ಬಹಳ ಖುಷಿ. "ಕೇಳಿದ್ಯಾ? 'ಅಭೀ ನಹೀ' ಅಂದ್ರು. ಇವರ ಮನೆಯವರು ಯಾರೋ ಹೋಟೆಲಿನವರೇ ಇರ್ಬೇಕು!"

ಆ ಪತ್ರ ಹಿಡಿದುಕೊಂಡು ಹೋದ ಮೇಲೆ ಪಾಲಿಕೆಯ ಸಮಿತಿಯೂ ದಿನ ಗೊತ್ತು ಮಾಡಿತು. ಆ ಬೆಳಿಗ್ಗೆ ಮಾವ ನನಗೆ, "ಒಂದು ಒಳ್ಳೆ ಸೀರೆ ಉಟ್ಟುಕೊಂಡು ಗಾಳಾಕ್ಕೆ ಬಾ" ಎಂದರು. ತಿಂಡಿ ಬಡಿಸಲು ಜನ ಬೇಕಾಗಿರಬಹುದು ಎಂದುಕೊಂಡು, ಕಾಫಿಯ ಫ್ಲಾಸ್ಕು, ರವೆಯ ಶಿರಾದ ಡಬ್ಬಿ ಹಿಡಿದು ಹೋದೆ.

ಐದು ಜನ ಅಧಿಕಾರಿಗಳು ಬಂದರು. ಮೊದಲು ಡ್ರಮ್ಮಿನ ಮೇಲಿನ ಕನ್ನಡ ಬರಹದ ಅರ್ಥ ಕೇಳಿದರು. ಅರ್ಥ ತಿಳಿದ ಮೇಲೆ ಶಿರಾದ ಬಟ್ಟಲನ್ನು ಅನುಮಾನದಿಂದ ನೋಡಿ ಕೆಳಗಿಟ್ಟರು. ಆಮೇಲೆ ಹದ ನೋಡುವುದು ಹೇಗೆ ಎಂದರು. ಮಾವ ಹೆಮ್ಮೆಯಿಂದ ಎರಡು ಬೆರಳು ಎತ್ತಿ ತೋರಿಸಿದರು. ಐವರಲ್ಲಿ ಒಬ್ಬರು ಅದನ್ನೂ ಬರೆದುಕೊಂಡರು! ಕೊನೆಗೆ ಸಮಿತಿಯ ಮುಖ್ಯಸ್ಥರು ಎಲ್ಲರೂ ಕಾದಿದ್ದ ಪ್ರಶ್ನೆ ಕೇಳಿದರು.

"ಕಾಕಾ, ಏಕ್ ಬಾತ್ ಬತಾವೋ. ಯೇ ಬರಫ್ ಪಿಘಲಾತಾ ಹೈ ಕಿ ಜಮಾತಾ ಹೈ?" ಇದು ಹಿಮವನ್ನು ಕರಗಿಸುತ್ತದೋ, ಗಟ್ಟಿ ಮಾಡುತ್ತದೋ?

"ಎರಡೂ ಮಾಡ್ತದೆ ಸಾಹೇಬ್ರೆ!" ಎಂದರು ಮಾವ ಹಿಂದಿಯಲ್ಲಿ.

ಐವರಲ್ಲಿ ಆರೋಗ್ಯ ವಿಭಾಗದವರ ಮುಖ ಬಿಗಿಯಾಯಿತು. "ಆ ಐಸು ಮೀನಿಗೆ ಹಾಕುವಂಥದ್ದು. ಈ ವಿಷ ಅದಕ್ಕೆ ಸೇರಿದರೆ ತಿಂದವರ ಗತಿ ಏನು? ನಿಮ್ಮಲ್ಲಿ ವಿಜ್ಞಾನ ಓದಿದವರು ಯಾರಿದ್ದಾರೆ? ಯಾರೂ ಇಲ್ಲದಿದ್ದರೆ ಇವತ್ತೇ ಸೀಲು."

ನಗುವ ಮಾತು ಅಲ್ಲಿಗೆ ಮುಗಿಯಿತು. ಮಲ್ಲಪ್ಪ ಮತ್ತು ಉಳಿದ ಮೂವರು ಕೈಕಟ್ಟಿ ಗೋಡೆಗೆ ಒರಗಿದ್ದರು. ಮಾವ ಮಾತ್ರ ಗಡಿಬಿಡಿ ಮಾಡದೆ ಫೈಲಿನಿಂದ ಒಂದು ಕಾಗದ ತೆಗೆದುಕೊಟ್ಟರು. ಮುಖ್ಯಸ್ಥರು ಅದನ್ನು ಓದಿ ನನ್ನತ್ತ ತಿರುಗಿದರು.

"ಮ್ಯಾಡಮ್, ಆಪ್ ಬತಾಯಿಯೇ." ನೀವು ಹೇಳಿ ಎಂದು!

ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಬರೀ ಡ್ರಮ್ಮುಗಳಿದ್ದವು.

ಕಾಗದ ನನ್ನದೇ. ನನ್ನ ಬಿ.ಎಸ್ಸಿ. ಪದವಿಯ ಪ್ರಮಾಣಪತ್ರ. ರಸಾಯನಶಾಸ್ತ್ರ, ಪ್ರಥಮ ದರ್ಜೆ. ನೀರಿನ ಕಲೆ ಹತ್ತಿದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಿಸಿ ಜೋಪಾನ ಮಾಡಿದ್ದು. ನಾನು ಓದಿದವಳು ಎನ್ನುವುದು ಮದುವೆಯಾದ ಹದಿನೇಳು ವರ್ಷದಲ್ಲಿ ನನ್ನ ಗಂಡನಿಗೆ ಮರೆತಿತ್ತು, ಮಗಳಿಗೆ ಗೊತ್ತೇ ಇರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಮರೆತಿತ್ತು. ಕೈಯಲ್ಲಿ ಕಾಫಿಯ ಲೋಟ ಹಿಡಿದೇ ನಿಂತಿದ್ದೆ. ಮಲ್ಲಪ್ಪ ಮೆಲ್ಲಗೆ, "ಹೇಳ್ರಿ ಅಕ್ಕಾರ" ಎಂದ.

ಹೇಳಿದೆ! ಎಲ್ಲಿ ಅಡಗಿತ್ತೋ, ಒಂದೊಂದಾಗಿ ಬಂತು. ಈ ದ್ರವ ಬೆರೆತ ನೀರು ಸುಲಭಕ್ಕೆ ಹೆಪ್ಪುಗಟ್ಟುವುದಿಲ್ಲ. ಅದಕ್ಕೇ ರೆಕ್ಕೆಯ ಮೇಲೆ ಎರಚಿದರೆ ಹಿಮದೊಳಗೆ ಸೇರಿ ಅದನ್ನು ಕರಗಿಸುತ್ತದೆ. ಐಸ್ ಫ್ಯಾಕ್ಟರಿಯಲ್ಲಿ ಇದು ಮುಚ್ಚಿದ ಕೊಳವೆಯ ಒಳಗೆ ಸುತ್ತುತ್ತಾ ಇರುತ್ತದೆ. ನೀರು ಹೆಪ್ಪುಗಟ್ಟುವ ತಂಪಿಗಿಂತ ತಣ್ಣಗಾದರೂ ತಾನು ಗಟ್ಟಿಯಾಗದೆ ಹರಿಯುತ್ತದೆ, ಕೊಳವೆಯ ಹೊರಗಿನ ನೀರನ್ನು ಗಟ್ಟಿ ಮಾಡುತ್ತದೆ. ಆ ನೀರಿಗೆ ಬೆರೆಯುವುದೇ ಇಲ್ಲ. ಕೊಳವೆ ಸೋರಿದರೆ ಮಾತ್ರ ಅಪಾಯ, ಆದ್ದರಿಂದ ಇಲ್ಲಿಂದ ಹೋಗುವ ದ್ರವಕ್ಕೆ ಬಣ್ಣ ಹಾಕಬೇಕು, ಸೋರಿದರೆ ಕೂಡಲೇ ಕಾಣುತ್ತದೆ ಎಂದೂ ಸೇರಿಸಿದೆ. ಆ ಬಣ್ಣದ ಮಾತು ಎಲ್ಲಿಂದ ಹೊಳೆಯಿತೋ ನನಗೇ ಗೊತ್ತಿಲ್ಲ.

ಆರೋಗ್ಯ ವಿಭಾಗದವರು ತಲೆಯಾಡಿಸಿದರು. ಶಿರಾದ ಬಟ್ಟಲುಗಳು ಮತ್ತೆ ಮೇಲೆ ಬಂದವು. ಒಪ್ಪಿಗೆ ಸಿಕ್ಕಿತು, ಷರತ್ತುಗಳ ಮೇಲೆ. ಬೆರಳಿನಲ್ಲಿ ಹದ ನೋಡುವುದು ಬಂದ್, ಅಳೆಯುವ ಉಪಕರಣ ತರಬೇಕು. ದ್ರವಕ್ಕೆ ಬಣ್ಣ ಹಾಕಬೇಕು. ಮತ್ತು ವಿಜ್ಞಾನ ಓದಿದ ಮೇಲ್ವಿಚಾರಕರು ಹಾಜರಿಲ್ಲದೆ ಒಲೆ ಹೊತ್ತಿಸಕೂಡದು. ಮಲ್ಲಪ್ಪ ಸಮಿತಿಯವರಿಗೆಲ್ಲ ಕೈ ಮುಗಿದು, ಆಮೇಲೆ ಡ್ರಮ್ಮಿನ ಹಿಂದೆ ಹೋಗಿ ಕಣ್ಣೊರೆಸಿಕೊಂಡ.

ರಿಕ್ಷಾದಲ್ಲಿ ಮನೆಗೆ ಬರುವಾಗ ನನಗೆ ಸಿಟ್ಟು ಬಂದಿತ್ತು. "ಒಂದು ಮಾತು ಮೊದಲೇ ಹೇಳ್ಬಾರದಿತ್ತಾ ಮಾವ? ಆ ಸರ್ಟಿಫಿಕೇಟು ನಿಮಗೆ ಎಲ್ಲಿ ಸಿಕ್ಕಿತು?"

"ಮೊದಲೇ ಹೇಳಿದ್ರೆ ನೀನು ಬರ್ತಿರ್ಲಿಲ್ಲ. ಮಳೆನೀರು ಮನೆಯೊಳಗೆ ಬಂದ ವರ್ಷ ನಿನ್ನ ಟ್ರಂಕು ಒದ್ದೆಯಾಗಿತ್ತಲ್ಲ? ಸೀರೆಗಳನ್ನೆಲ್ಲ ಒಣಗ್ಲಿಕ್ಕೆ ಹಾಕಿದಿ, ಅದನ್ನು ಬಿಸಾಡಿದಿ. ನಾನು ಎತ್ತಿಟ್ಟೆ."

"ಯಾಕೆ?"

ಮಾವ ಫೈಲನ್ನು ಮಡಿಲಲ್ಲಿ ಸರಿಯಾಗಿಟ್ಟುಕೊಂಡರು.

"ನಿಶ್ಚಿತಾರ್ಥದ ದಿನ ನಿನ್ನ ಅಪ್ಪ ನನ್ನನ್ನು ಬದಿಗೆ ಕರೆದ್ರು. 'ಮಗಳಿಗೆ ಮುಂದೆ ಓದ್ಬೇಕು ಅಂತ ಆಸೆ ಉಂಟು, ಓದಿಸ್ತೀರಾ?' ಅಂತ ಕೇಳಿದ್ರು. ನಾನು 'ನೋಡುವ' ಅಂದೆ. ಅವರು ಅದನ್ನೇ ನಂಬಿ ನನ್ನ ಎರಡೂ ಕೈ ಹಿಡ್ಕೊಂಡ್ರು. ಆಮೇಲೆ ಮನೆ, ಮಗು ಅಂತ ಎಲ್ಲ ಮರ್ತೇ ಹೋಯ್ತು. ಈಗ ಅವರೂ ಇಲ್ಲ. ನಾನು ಇನ್ನು ಎಷ್ಟು ವರ್ಷ ನೋಡ್ತಾ ಕೂರುವುದು ಮಗಳೇ?"

ನನ್ನ ಅಪ್ಪ ಹಾಗೆ ಕೇಳಿದ್ದರೆಂದು ನನಗೆ ಆ ದಿನದವರೆಗೂ ಗೊತ್ತಿರಲಿಲ್ಲ. ಈ ಮನುಷ್ಯನ ಕತೆ ಹೇಳಿ ಇಡೀ ಬಿಲ್ಡಿಂಗನ್ನು ನಗಿಸಿದ್ದೆನಲ್ಲ, ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ! ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ರಿಕ್ಷಾದವನು ಕನ್ನಡಿಯಲ್ಲಿ ನೋಡುತ್ತಿದ್ದ, ನೋಡಲಿ ಎಂದುಕೊಂಡೆ. ಮಾವ ಮುಜುಗರಪಟ್ಟುಕೊಂಡು ರಸ್ತೆಯ ಕಡೆಗೇ ಮುಖ ಮಾಡಿದ್ದರು.

ನಮ್ಮ ಗಲ್ಲಿ ಬಂತು. ಕಣ್ಣೊರೆಸಿಕೊಂಡು ಕೇಳಿದೆ.

"ನಾಳೆ ಎಷ್ಟು ಗಂಟೆಗೆ ಹೊರಡುವುದು ಮಾವ?"

"ಎಂಟಕ್ಕೆ. ತಡ ಮಾಡ್ಬೇಡ, ನೀನು ಬಾರದೆ ಅಲ್ಲಿ ಒಲೆ ಹೊತ್ತಿಸುವ ಹಾಗಿಲ್ಲ."